ಕಮ್ಚಟ್ಕಾದ ಅಲೆ ನನ್ನ ಫಿಲ್ಟರಿನಲ್ಲೇ ಸೋರಿಹೋಗಿತ್ತು

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದೊಳಗಿಂದ ಸದ್ದು ಬಂದು ಜನ ಮನೆಯಿಂದ ಹೊರಗೆ ಓಡಿದರಲ್ಲ, ಆಗಲೇ ನನಗೆ ಮನೆಯಲ್ಲೇ ಭೂಕಂಪ ಅಳೆಯುವ ಈ ಹುಚ್ಚು ಹತ್ತಿದ್ದು. 4.5 ಹರ್ಟ್ಸ್‌ನ ಒಂದು ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ; ಸೆಕೆಂಡಿಗೆ 4.5 ಏರಿಳಿತ, ಅಂದರೆ 4.5 ಹರ್ಟ್ಸ್‌ಗಿಂತ ನಿಧಾನದ ಅಲುಗಾಟಕ್ಕೆ ಮಂಕಾಗುತ್ತದೆ), ಆಂಪ್ಲಿಫೈಯರ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಸೆಕೆಂಡಿಗೆ 100 ಸಲ ಅಳತೆ. ಕಲಬುರಗಿಯ ನಮ್ಮ ಮನೆಯ ಶಹಾಬಾದ್ ಪರಸಿ ಮೇಲೆ ಇಟ್ಟೆ. ಪರಸಿಯ ಕೆಳಗೆ ಪೊಳ್ಳು. ಬೆಕ್ಕು ಜಿಗಿದರೂ ಗೆರೆ ಕುಣಿಯುತ್ತಿತ್ತು. ಕಡೆಗೆ ಒಂದು ಪರಸಿ ಕಿತ್ತು, ಎರೆಮಣ್ಣು ತೋಡಿ, ಕಾಂಕ್ರೀಟ್ ಹಾಕಿ ಅದರ ಮೇಲೆ ಕೂರಿಸಿದೆ.

ಹತ್ತಿರದ ಕಂಪನ, ಕಲ್ಲುಗಣಿಯ ಸ್ಫೋಟ 5ರಿಂದ 20 ಹರ್ಟ್ಸ್‌ನಲ್ಲಿ ಚೆನ್ನಾಗಿ ಕಾಣುತ್ತವೆ. ಅದಕ್ಕೇ 4 ಹರ್ಟ್ಸ್‌ನ ಕೆಳಗಿನದ್ದನ್ನೆಲ್ಲ ಗದ್ದಲವೆಂದು ಫಿಲ್ಟರಿನಲ್ಲಿ ಕತ್ತರಿಸಿದ್ದೆ.

2025ರ ಜುಲೈ 30, ನಸುಕಿನ 4:54. ರಷ್ಯಾದ ಕಮ್ಚಟ್ಕಾದಲ್ಲಿ 8.8 ತೀವ್ರತೆಯ ಭೂಕಂಪ. ಟಿವಿಯಲ್ಲಿ ಸುನಾಮಿ ಸುದ್ದಿ ನೋಡಿ ಓಡಿಬಂದು ಪರದೆ ತೆರೆದರೆ ಗೆರೆ ಸಪಾಟ. ‘ಇಷ್ಟ್ ರೊಕ್ಕ ಹಾಕಿ ಬೆಕ್ಕಿನ ಭೂಕಂಪ ಅಷ್ಟೇ ಹಿಡದಿ ನೋಡು’ ಅಂದಳು ಅಕ್ಕ.

ಪುಣ್ಯಕ್ಕೆ ಕಚ್ಚಾ ದತ್ತಾಂಶ ಉಳಿಸಿದ್ದೆ. ಫಿಲ್ಟರನ್ನು 0.5ರಿಂದ 2 ಹರ್ಟ್ಸ್‌ಗೆ ಇಳಿಸಿದ್ದೇ ತಡ, 5:06ರ ಹೊತ್ತಿಗೆ, ಭೂಕಂಪದಿಂದ ಎಲ್ಲಕ್ಕಿಂತ ಮೊದಲು ಬಂದು ಮುಟ್ಟುವ ಪಿ ಅಲೆ ಎದ್ದು ನಿಂತಿತು! ಗಣಿ ಸ್ಫೋಟದ ಹಾಗೆ ಮೊನಚಾಗಿ ಅಲ್ಲ, ನಿಧಾನಕ್ಕೆ ಉಬ್ಬುತ್ತ, ಕೆಲವು ನಿಮಿಷ. ಬೆರಳಿಟ್ಟು ಎಣಿಸಿದೆ: ಸೆಕೆಂಡಿಗೆ ಹೆಚ್ಚುಕಡಿಮೆ ಒಂದೇ ಏರಿಳಿತ.

ಕಾರಣ ಸರಳ. ಪ್ರತಿ ಅಲುಗಾಟಕ್ಕೂ ಬಂಡೆ ಒಂದಿಷ್ಟು ಶಕ್ತಿಯನ್ನು ಸುಂಕವಾಗಿ ಕಿತ್ತುಕೊಳ್ಳುತ್ತದೆ. ಕಮ್ಚಟ್ಕಾದಿಂದ ಇಲ್ಲಿಗೆ ಸುಮಾರು 8,000 ಕಿ.ಮೀ.; ಪಿ ಅಲೆಗೆ ಹನ್ನೊಂದೂವರೆ ನಿಮಿಷದ ದಾರಿ. ಅಷ್ಟರಲ್ಲಿ 10 ಹರ್ಟ್ಸ್‌ನ ಅಲೆ ಏಳು ಸಾವಿರದಷ್ಟು ಸಲ ಅಲುಗಿ ಸುಂಕ ಕಟ್ಟಿ ದಿವಾಳಿ. 1 ಹರ್ಟ್ಸ್‌ನದು ಏಳುನೂರು ಸಲಕ್ಕೇ ಮುಗಿಸಿ ಬಂದು ಮುಟ್ಟುತ್ತದೆ. ಗಡಿಕೇಶ್ವಾರದ ನಡುಕ ಕಾಲಕೆಳಗೇ ಹುಟ್ಟಿದ್ದು, ಅದರ ಚುರುಕು ಅಲೆಗಳು ಸವೆಯುವ ಮೊದಲೇ ಕಿವಿಗೆ ಬಿದ್ದವು.

ಪಿ ಹಿಂದೆ ಬರುವ ಎಸ್ ಅಲೆಯ ಏರಿಳಿತ ಇನ್ನೂ ನಿಧಾನ, ಗೆರೆಯಲ್ಲಿ ಬರೀ ನೆರಳು. ಎಲ್ಲಕ್ಕಿಂತ ದೊಡ್ಡವಾದ ಮೇಲ್ಮೈ ಅಲೆಗಳಂತೂ 20 ಸೆಕೆಂಡಿಗೊಮ್ಮೆ ಓಲಾಡುವಂಥವು. ಅಲ್ಲಿ ನನ್ನ ಜಿಯೋಫೋನಿನ ಸಂವೇದನೆ ಎಂಟು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಅವು ಕಾಲಡಿಯಲ್ಲೇ ಹಾದುಹೋದವು, ಯಂತ್ರಕ್ಕೆ ಸುಳಿವೇ ಇಲ್ಲ.

ಈಗ ಅವುಗಳಿಗೆಂದೇ ಗೇಟಿನ ಹಾಗೆ ಅಡ್ಡಡ್ಡ ತೂಗುವ ಲೋಲಕ ಕಟ್ಟುತ್ತಿದ್ದೇನೆ. ಕಂಬ ಕೂದಲೆಳೆಯಷ್ಟು ವಾಲಿಸಿ, 14 ಸೆಕೆಂಡಿಗೊಂದು ಓಲಾಟಕ್ಕೆ ತಂದಿದ್ದೇನೆ. ಮಳೆ ಬಿದ್ದು ಎರೆಮಣ್ಣು ಉಬ್ಬಿತೆಂದರೆ ಮತ್ತೆ ಮೊದಲಿಂದ.