ರೋಹಿಣಿ ಮಳೆಗೆ ಮೊದಲು ಲಾರಿಯ ಟಾರ್ಪಾಲು

ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಮೆಕ್ಕೆಜೋಳ, ಬರುವಾಗ ಪಣಂಬೂರಿನಿಂದ ಯೂರಿಯಾ. ನನ್ನ ಲಾರಿಗೆ ಹೆಚ್ಚಾಗಿ ಸಿಗುವ ಬಾಡಿಗೆ ಇದೇ. ಎರಡೂ ನೀರಿಗೆ ಆಗದ ಸರಕು. ಜೋಳ ನೆನೆದರೆ ಬೂಷ್ಟು ಹಿಡಿಯುತ್ತದೆ. ಯೂರಿಯಾ ಗಾಳಿಯ ತೇವವನ್ನೇ ಹೀರಿ ಕಲ್ಲಿನಂತಾಗುತ್ತದೆ. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ. ಅದಕ್ಕೆ ಮೊದಲೇ ಒಂದು ದಿನ ಬಾಡಿಗೆ ಬಿಟ್ಟು ಟಾರ್ಪಾಲು ನೋಡಿಬಿಡುತ್ತೇನೆ. ಮಳೆಗಾಲದಲ್ಲಿ ಸೋರುವ ತೂತು ಬೇಸಿಗೆಯಲ್ಲೇ ಬಿದ್ದಿರುತ್ತದೆ.

ಖಾಲಿ ಲಾರಿಗೆ ಟಾರ್ಪಾಲು ಹೊದಿಸಿ, ನಡುಮಧ್ಯಾಹ್ನ ಬಾಡಿಯೊಳಗೆ ಹತ್ತಿ ಮೇಲೆ ನೋಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬೆಳಕಿನ ಚುಕ್ಕಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಎಲ್ಲಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಮಡಿಕೆಯ ಗೆರೆಗಳನ್ನೂ ಬಾಡಿಯ ಮೂಲೆ ಉಜ್ಜುವ ಜಾಗವನ್ನೂ ಎರಡು ಸಲ ನೋಡಿ. ತೆಳು ಪ್ಲಾಸ್ಟಿಕ್ ಹಾಳೆಯಾದರೆ ಅದು ಎಲ್ಲ ಕಡೆಯೂ ಬೆಳಕು ಬಿಡುವುದರಿಂದ ಈ ಉಪಾಯ ನಡೆಯದು; ಸಣ್ಣ ಗುಳಿ ಮಾಡಿ, ಒಂದು ಬಕೆಟ್ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಅಡಿಯಲ್ಲಿ ಕೈ ಆಡಿಸಿ.

ತೇಪೆ ಬಟ್ಟೆಗೆ ತಕ್ಕಂತಿರಬೇಕು. ಹತ್ತಿಯ ಕ್ಯಾನ್ವಾಸಿಗೆ ಅದೇ ದಪ್ಪದ ಬಟ್ಟೆಯ ಅಂಚು ಮಡಚಿ, ಮೇಣ ಸವರಿದ ದಾರದಿಂದ ಹೊಲಿದು, ಹೊಲಿಗೆಯ ಮೇಲೂ ಮೇಣ ಹಚ್ಚಬೇಕು. ಪ್ಲಾಸ್ಟಿಕ್ ನೇಯ್ಗೆಯ ಹಾಳೆಗೆ ಸೂಜಿ ಹಾಕಬೇಡಿ, ಒಂದು ತೂತು ಮುಚ್ಚಲು ಹೋಗಿ ಇಪ್ಪತ್ತು ಮಾಡಿದಂತಾಗುತ್ತದೆ. ತೊಳೆದು ಒಣಗಿಸಿ ಎರಡೂ ಬದಿಗೆ ಟೇಪು ಅಂಟಿಸಿ. ಪಿವಿಸಿ ಲೇಪದ ಟಾರ್ಪಾಲಾದರೆ ಬಿಸಿಗಾಳಿಯಲ್ಲಿ ಬೆಸೆಯುವ ಅಂಗಡಿಗೇ ಒಯ್ಯುವುದು ವಾಸಿ. ಬಿಸಿಲಿಗೆ ಹಾಳೆ ಗರಿಗರಿಯಾಗಿ, ಉಗುರಿನಲ್ಲಿ ಕೆರೆದರೆ ಎಳೆ ಉದುರುತ್ತಿದ್ದರೆ ತೇಪೆಯ ಮಾತೇ ಬೇಡ. ಪ್ಲಾಸ್ಟಿಕ್ಕಿನದ್ದು ಹೊಸದು ಕೊಳ್ಳುವಾಗ ಐಎಸ್ 7903 (ಇಂಥ ಟಾರ್ಪಾಲಿನ ಭಾರತೀಯ ಗುಣಮಟ್ಟದ ಸಂಖ್ಯೆ) ಗುರುತು ಇದೆಯೇ ನೋಡಿ, ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕ) ಎಷ್ಟೆಂದು ಕೇಳಿ. 'ದಪ್ಪ ಇದೆ ಅಣ್ಣಾ' ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ನಡೆಯಿರಿ.

ಅಂಚಿನಲ್ಲಿ ಹಗ್ಗ ಪೋಣಿಸುವ ರಿಂಗುಗಳು ಕಬ್ಬಿಣದವಾದರೆ ಗೊಬ್ಬರದ ಪುಡಿ ಮತ್ತು ತೇವ ಸೇರಿ ಬೇಗ ತುಕ್ಕು ಹಿಡಿಸುತ್ತವೆ, ಸುತ್ತಲಿನ ಬಟ್ಟೆಯೂ ಅದರೊಂದಿಗೇ ಹೋಗುತ್ತದೆ. ತುಕ್ಕು ಹಿಡಿಯದ್ದು ಹಾಕಿಸಿ. ರಿಂಗು ಕಿತ್ತುಬಂದ ಕಡೆ ಪಕ್ಕದಲ್ಲೇ ಇನ್ನೊಂದು ತೂತು ಹೊಡೆಯದೆ, ಮೊದಲು ಎರಡು ಪದರ ಬಟ್ಟೆ ಹೊಲಿಸಿ. ಬಾಡಿಯ ಚೂಪಾದ ಮೂಲೆಗಳಿಗೆ ಹಳೆಯ ಟಯರ್ ಟ್ಯೂಬಿನ ತುಂಡು ಸುತ್ತಿದರೆ ಟಾರ್ಪಾಲಿನ ಆಯುಷ್ಯವೇ ಹೆಚ್ಚುತ್ತದೆ. ಇದಕ್ಕೆ ಖರ್ಚೂ ಇಲ್ಲ, ಆದರೂ ಯಾರೂ ಮಾಡುವುದಿಲ್ಲ.

ಹಗ್ಗದ ಸ್ವಭಾವ ತಿಳಿದಿರಲಿ. ಹತ್ತಿಯ ಹಗ್ಗ ನೆನೆದರೆ ಕುಗ್ಗಿ ಬಿಗಿಯುತ್ತದೆ, ಒಣಗಿದ್ದಾಗಲೇ ಜಗ್ಗಿ ಕಟ್ಟಿದ್ದರೆ ರಿಂಗನ್ನೇ ಕಿತ್ತು ತರುತ್ತದೆ. ನೈಲಾನ್ ನೆನೆದಾಗ ಸಡಿಲವಾಗುತ್ತದೆ. ಅದಕ್ಕೇ ಘಾಟಿ ಇಳಿಯುವ ಮೊದಲು ಸಕಲೇಶಪುರದಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯುತ್ತೇನೆ, ಬೆಳಗಿನ ಮೂರು ಗಂಟೆಯಾದರೂ ಸರಿ. ಮುಟ್ಟಿದರೆ ಬಿಳಿ ಪುಡಿ ಉದುರುವ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಸತ್ತಿದೆ ಎಂದೇ ಅರ್ಥ, ಬಿಸಾಡಿ.

ಲೋಡು ಮಾಡುವಾಗ ನಡುವಿನ ಸಾಲು ಎತ್ತರವಿದ್ದರೆ ನೀರು ನಿಲ್ಲದು. ಎರಡು ಟಾರ್ಪಾಲು ಹೊದಿಸುವಾಗ ಮುಂದಿನದ್ದು ಹಿಂದಿನದರ ಮೇಲೆ ಬರಲಿ. ತಿರುವುಮುರುವಾದರೆ ಓಡುವಾಗ ಗಾಳಿ ನುಗ್ಗಿ ಪಟಪಟ ಹೊಡೆದು ಹರಿಯುತ್ತದೆ. ನೆನೆದ ಟಾರ್ಪಾಲಿನ ಮೇಲೆ ಕಾಲು ಜಾರುತ್ತದೆ, ಒಬ್ಬರೇ ಹತ್ತಬೇಡಿ.

ಆಯುಧಪೂಜೆಗೆ ಲಾರಿ ತೊಳೆಯುವಾಗ ಹುಡುಗರು ಟಾರ್ಪಾಲಿಗೂ ಸೋಪಿನ ಪುಡಿ ಹಾಕಿ ಉಜ್ಜುತ್ತಾರೆ. ಕ್ಯಾನ್ವಾಸಿನ ಮೇಣವೆಲ್ಲ ಅಲ್ಲೇ ಹೋಯಿತು. ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಚಿತ್ತಾ, ಸ್ವಾತಿ ಮಳೆ ಕಳೆದ ಮೇಲೆ ಎರಡೂ ಬದಿ ಪೂರ್ತಿ ಒಣಗಿಸಿ, ಮಡಿಕೆಗಳಲ್ಲಿ ಉಳಿದ ಜೋಳವನ್ನು ಕೊಡವಿ, ಸಿಮೆಂಟು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಸುರುಳಿ ಸುತ್ತಿಡಿ. ಕೆಲವರು ಬೇವಿನ ಸೊಪ್ಪು ಇಡುತ್ತಾರೆ. ಇಲಿ ಅದಕ್ಕೆ ಹೆದರಿದ್ದನ್ನು ನಾನಂತೂ ಕಂಡಿಲ್ಲ. ಕಾಳು ಉಳಿದಿರದಿದ್ದರೆ ಅದು ಅಷ್ಟಾಗಿ ಬರುವುದಿಲ್ಲ.