ಅಪ್‌ಡೇಟ್ ಆದಮೇಲೆ ಎನ್‌ವಿಡಿಎ ಮಾತಾಡದಿದ್ದರೆ: ನಾನು ಅನುಸರಿಸುವ ಕ್ರಮ

ಎನ್‌ವಿಡಿಎ ಎಂದರೆ ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್. ಅದರ ಹೊಸ ಆವೃತ್ತಿ ಹಾಕಿದ ಮೇಲೆ ಮಾತು ನಿಂತರೆ ಬಹಳ ಜನ ತಕ್ಷಣ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುತ್ತಾರೆ. ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರೋಗ್ರಾಂ ತೆಗೆದರೂ ನಮ್ಮ ಸೆಟ್ಟಿಂಗ್‌ಗಳು, ಆಡ್‌ಆನ್‌ಗಳು (ಎನ್‌ವಿಡಿಎಗೆ ನಾವು ಸೇರಿಸಿಕೊಂಡ ಹೆಚ್ಚುವರಿ ಪುಟ್ಟ ಪ್ರೋಗ್ರಾಂಗಳು) ವಿಂಡೋಸ್‌ನ ಆಪ್‌ಡೇಟಾ ಫೋಲ್ಡರ್‌ನಲ್ಲಿ ಹಾಗೇ ಉಳಿದಿರುತ್ತವೆ. ಹೊಸದಾಗಿ ಹಾಕಿದ ಪ್ರೋಗ್ರಾಂ ಅವನ್ನೇ ಓದಿಕೊಂಡು ಅದೇ ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ತೊಂದರೆ ಆಡಿಯೋದ್ದೋ, ಆಡ್‌ಆನ್‌ದ್ದೋ, ಸೆಟ್ಟಿಂಗ್‌ನದ್ದೋ ಎಂದು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಬೇರ್ಪಡಿಸಲು ನಾನು ಬಳಸುವುದು ವಿಂಡೋಸ್‌ನಲ್ಲೇ ಇರುವ ಇನ್ನೊಂದು ಸ್ಕ್ರೀನ್ ರೀಡರ್, ನರೇಟರ್. ವಿಂಡೋಸ್, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ಅದು ಶುರುವಾಗುತ್ತದೆ. ನರೇಟರ್ ಕೂಡ ಮಾತಾಡದಿದ್ದರೆ ಎನ್‌ವಿಡಿಎಯನ್ನು ಮುಟ್ಟುವ ಅಗತ್ಯವೇ ಇಲ್ಲ. ವಿಂಡೋಸ್ ಅಪ್‌ಡೇಟ್ ಆದಾಗ ಧ್ವನಿ ಎಚ್‌ಡಿಎಂಐ ಮಾನಿಟರ್‌ಗೋ ಬ್ಲೂಟೂತ್ ಹೆಡ್‌ಸೆಟ್‌ಗೋ ಹೋಗಿರುವ ಸಾಧ್ಯತೆ ಹೆಚ್ಚು. ನರೇಟರ್ ಮಾತಾಡಿದರೆ ಅದರ ನೆರವಿನಿಂದಲೇ ಮುಂದಿನ ಕೆಲಸ ಮಾಡಬಹುದು.

ಈಗ ಎನ್‌ವಿಡಿಎ ಓಡುತ್ತಿದೆಯೇ, ಬರೀ ಮೌನವಾಗಿದೆಯೇ ನೋಡಿ. ಕಂಟ್ರೋಲ್, ಆಲ್ಟ್, ಎನ್ ಒತ್ತಿದಾಗ ಶುರುವಾಗುವ ಸ್ವರ ಕೇಳಿ ಆಮೇಲೆ ಮಾತು ಬರದಿದ್ದರೆ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಎಸ್ ಒತ್ತಿ. ಇದು ಸ್ಪೀಚ್ ಮೋಡ್ ಬದಲಿಸುವ ಕೀ. 2024.1ರಿಂದ ಇದರಲ್ಲಿ ‘ಆನ್ ಡಿಮ್ಯಾಂಡ್’ ಎಂಬ ಹೊಸ ಮೋಡ್ ಸೇರಿದೆ. ಈ ಮೋಡ್‌ನಲ್ಲಿ ನಾವು ಕೇಳಿದಾಗ ಮಾತ್ರ ಓದುತ್ತದೆ, ಫೋಕಸ್ ಸರಿದಾಗ ತಾನಾಗಿ ಏನೂ ಹೇಳುವುದಿಲ್ಲ. ಕೈತಪ್ಪಿ ಅಲ್ಲಿಗೆ ಹೋದವರಿಗೆ ಪ್ರೋಗ್ರಾಂ ಕೆಟ್ಟಿದೆ ಎಂದೇ ಅನಿಸುತ್ತದೆ. ‘ಟಾಕ್’ ಎಂದು ಕೇಳುವವರೆಗೆ ಒತ್ತಿದರೆ ಸಾಕು.

ಅದರಿಂದಲೂ ಆಗದಿದ್ದರೆ ನನ್ನ ಅನುಮಾನ ಹೋಗುವುದು ಆಡ್‌ಆನ್‌ಗಳ ಕಡೆಗೆ. ವಿಂಡೋಸ್ ಮತ್ತು ಆರ್ ಒತ್ತಿ, ರನ್ ಪೆಟ್ಟಿಗೆಯಲ್ಲಿ ಹೀಗೆ ಟೈಪ್ ಮಾಡಿ: ಎನ್‌ವಿಡಿಎ, ಒಂದು ಸ್ಪೇಸ್, ಎರಡು ಹೈಫನ್, ಡಿಸೇಬಲ್, ಒಂದು ಹೈಫನ್, ಆಡ್‌ಆನ್ಸ್. ಎಲ್ಲವೂ ಇಂಗ್ಲಿಷ್‌ನ ಸಣ್ಣಕ್ಷರ. ‘ಆಡ್‌ಆನ್ಸ್’ ಮಧ್ಯೆ ಹೈಫನ್ ಇಲ್ಲ. ಎಂಟರ್ ಒತ್ತಿದರೆ ಓಡುತ್ತಿರುವ ಪ್ರತಿ ಮುಚ್ಚಿ, ಯಾವ ಆಡ್‌ಆನ್ ಕೂಡ ಇಲ್ಲದ ಪ್ರತಿ ತೆರೆಯುತ್ತದೆ. ಮಾತು ಇನ್ನೂ ಬರುತ್ತಿದ್ದು ಬರೀ ತೊಡಕು ಇರುವವರು ಎನ್‌ವಿಡಿಎ ಕೀ ಮತ್ತು ಕ್ಯೂ ಒತ್ತಿ, ಬರುವ ಪಟ್ಟಿಯಲ್ಲಿ ಆಡ್‌ಆನ್ ಇಲ್ಲದೆ ರೀಸ್ಟಾರ್ಟ್ ಮಾಡುವ ಆಯ್ಕೆ ಆರಿಸಬಹುದು.

ಹೀಗೆ ಸರಿಹೋದರೆ ಕಾರಣ ಬಹುಮಟ್ಟಿಗೆ ಗೊತ್ತಾಯಿತು. ಪ್ರತಿ ವರ್ಷದ ಮೊದಲ ಆವೃತ್ತಿ, ಅಂದರೆ ‘.1’ ಎಂದು ಕೊನೆಯಾಗುವುದು, ಹಳೆ ಆಡ್‌ಆನ್‌ಗಳನ್ನು ಮುರಿಯಬಹುದಾದ ಆವೃತ್ತಿ. ಎನ್‌ವಿಡಿಎ ಕೋಡ್ ಒಳಗಿನ ಹಳೆ ಹೆಸರುಗಳನ್ನು ತೆಗೆದುಹಾಕುವುದು ಅದರಲ್ಲೇ. 2022.1ರಲ್ಲಿ ‘ರೋಲ್_ಬಟನ್’ ಥರದ ಹೆಸರುಗಳು ಹೋಗಿ ‘ರೋಲ್.ಬಟನ್’ ಎಂಬ ರೂಪ ಮಾತ್ರ ಉಳಿಯಿತು. ಹಳೆಯದನ್ನೇ ಕರೆಯುತ್ತಿದ್ದ ಆಡ್‌ಆನ್‌ಗಳು ನಿಂತುಹೋದವು. 2019.3ರಲ್ಲಿ ಎನ್‌ವಿಡಿಎ ತನ್ನ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ 2ರಿಂದ 3ಕ್ಕೆ ಬಂದಾಗಲಂತೂ ಬಹುತೇಕ ಆಡ್‌ಆನ್‌ಗಳನ್ನು ತಿದ್ದಬೇಕಾಯಿತು.

ಯಾವ ಆಡ್‌ಆನ್ ಎಂದು ಲಾಗ್, ಅಂದರೆ ಎನ್‌ವಿಡಿಎ ತನ್ನ ಕೆಲಸ ಮತ್ತು ತಪ್ಪುಗಳನ್ನು ಬರೆದಿಡುವ ಫೈಲ್, ಹೇಳುತ್ತದೆ. ರನ್ ಪೆಟ್ಟಿಗೆಯಲ್ಲಿ ಟೆಂಪ್ ಎಂಬ ಪದವನ್ನು ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಬರೆದು ಎಂಟರ್ ಒತ್ತಿ. ಆ ಫೋಲ್ಡರ್‌ನಲ್ಲಿ ಎನ್‌ವಿಡಿಎ ಡಾಟ್ ಲಾಗ್ ಈಗಿನದು, ಎನ್‌ವಿಡಿಎ ಹೈಫನ್ ಓಲ್ಡ್ ಡಾಟ್ ಲಾಗ್ ಹಿಂದಿನ ಸಲದ್ದು. ಪ್ರತಿ ರೀಸ್ಟಾರ್ಟ್‌ಗೆ ಈಗಿನದು ಹಳೆಯದಾಗುತ್ತದೆ, ಹಳೆಯದು ಅಳಿಯುತ್ತದೆ. ಆದ್ದರಿಂದ ತೊಂದರೆ ಆದ ಕೂಡಲೇ ಅದು ದಾಖಲಾದ ಲಾಗ್ ಫೈಲನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಎರಡು ಸಲ ರೀಸ್ಟಾರ್ಟ್ ಮಾಡಿ ಆಮೇಲೆ ಹುಡುಕಿದರೆ ಸಾಕ್ಷಿ ಸಿಗುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಎರರ್’ ಎಂದು ಹುಡುಕಿ, ಅದರ ಕೆಳಗಿನ ‘ಟ್ರೇಸ್‌ಬ್ಯಾಕ್’ ಸಾಲುಗಳನ್ನು ಓದಿ. ಫೈಲಿನ ದಾರಿಯಲ್ಲಿ ‘ಆಡ್‌ಆನ್ಸ್’ ಫೋಲ್ಡರ್ ಆದಮೇಲೆ ಬರುವ ಹೆಸರೇ ತೊಂದರೆ ಕೊಟ್ಟ ಆಡ್‌ಆನ್. ಯಾರಿಗಾದರೂ ಲಾಗ್ ಕಳಿಸುವ ಮುಂಚೆ ಒಮ್ಮೆ ಓದಿಬಿಡಿ: ಲಾಗ್ ಮಟ್ಟ ‘ಡೀಬಗ್’ ಅಥವಾ ‘ಇನ್‌ಪುಟ್/ಔಟ್‌ಪುಟ್’ ಆಗಿದ್ದರೆ ನೀವು ಒತ್ತಿದ ಕೀಗಳೂ ಅದರಲ್ಲಿ ದಾಖಲಾಗಿರುತ್ತವೆ, ಪಾಸ್‌ವರ್ಡ್ ಸಹಿತ.

ಆಡ್‌ಆನ್ ಸ್ಟೋರ್‌ನಲ್ಲಿ ಹೊಂದಾಣಿಕೆ ಇಲ್ಲದ ಆಡ್‌ಆನನ್ನೂ ಬಲವಂತವಾಗಿ ಚಾಲೂ ಮಾಡುವ ಆಯ್ಕೆ ಇದೆ. ಕೆಲವು ಆಡ್‌ಆನ್‌ಗಳಲ್ಲಿ ‘ಕೊನೆಗೆ ಪರೀಕ್ಷಿಸಿದ ಆವೃತ್ತಿ’ ಎಂಬ ಸಾಲು ಮಾತ್ರ ಹಳೆಯದಾಗಿರುತ್ತದೆ, ಕೋಡ್ ಸರಿಯಿರುತ್ತದೆ. ಅಂಥವು ಹೀಗೆ ಓಡುತ್ತವೆ. ಆದರೆ ಸ್ಪೀಚ್ ಸಿಂಥಸೈಜರ್ (ಅಕ್ಷರವನ್ನು ಮಾತಾಗಿಸುವ ಭಾಗ) ಆಡ್‌ಆನ್ ಮೇಲೆ ಈ ಪ್ರಯೋಗ ಬೇಡ. ಅದು ಬಿದ್ದರೆ ಧ್ವನಿಯೇ ಕೈತಪ್ಪುತ್ತದೆ.

ಆಡ್‌ಆನ್ ಇಲ್ಲದೆಯೂ ತೊಂದರೆ ಹಾಗೇ ಇದ್ದರೆ ಸೆಟ್ಟಿಂಗ್ ಫೋಲ್ಡರ್ ನೋಡಬೇಕು. ಎನ್‌ವಿಡಿಎ ನಿಲ್ಲಿಸಿ, ರನ್ ಪೆಟ್ಟಿಗೆಯಿಂದ ಆಪ್‌ಡೇಟಾ ತೆರೆದು (ಇದಕ್ಕೂ ಎರಡು ಕಡೆ ಪರ್ಸೆಂಟ್ ಚಿಹ್ನೆ), ಎನ್‌ವಿಡಿಎ ಫೋಲ್ಡರ್ ಮೇಲೆ ಎಫ್2 ಒತ್ತಿ ಬೇರೆ ಹೆಸರು ಕೊಡಿ. ಅಳಿಸಬೇಡಿ, ನಿಮ್ಮ ಉಚ್ಚಾರಣೆ ನಿಘಂಟು, ಬದಲಿಸಿಕೊಂಡ ಕೀಗಳು ಎಲ್ಲ ಅದರಲ್ಲೇ ಇವೆ. ಮತ್ತೆ ಶುರುಮಾಡಿದಾಗ ಸ್ವಾಗತ ಪೆಟ್ಟಿಗೆ ಬರುತ್ತದೆ. ಇನ್ಸರ್ಟ್ ಕೀ ಇಲ್ಲದ ಲ್ಯಾಪ್‌ಟಾಪ್‌ನವರು ಅಲ್ಲೇ ಕ್ಯಾಪ್ಸ್‌ಲಾಕ್ ಅನ್ನು ಎನ್‌ವಿಡಿಎ ಕೀ ಮಾಡುವ ಚೆಕ್‌ಬಾಕ್ಸ್ ಗುರುತು ಹಾಕಲೇಬೇಕು. ಇಲ್ಲದಿದ್ದರೆ ಮುಂದೆ ಯಾವ ಆಜ್ಞೆಯೂ ಕೆಲಸ ಮಾಡುವುದಿಲ್ಲ.

ಕನ್ನಡ ಓದುವವರಿಗೆ ಇಲ್ಲೊಂದು ತೊಡಕು ಕಾದಿರುತ್ತದೆ. ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಹೋದಾಗ ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್‌ನದೇ ಆದ ಒನ್‌ಕೋರ್ ಸಿಂಥಸೈಜರ್ ತಾನಾಗಿ ಆಯ್ಕೆಯಾಗುತ್ತದೆ. ಅದರ ಇಂಗ್ಲಿಷ್ ಧ್ವನಿಗೆ ಕನ್ನಡ ಬರುವುದಿಲ್ಲ; ಇಂಗ್ಲಿಷ್ ಮೆನು ಚೆನ್ನಾಗಿ ಓದಿ, ಕನ್ನಡ ಸಾಲು ಬಂದಾಗ ಸುಮ್ಮನಾಗುತ್ತದೆ. ಎನ್‌ವಿಡಿಎ, ಕಂಟ್ರೋಲ್, ಎಸ್ ಒತ್ತಿ ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಎನ್‌ಜಿ ಸಿಂಥಸೈಜರ್ ಆರಿಸಿ, ಆಮೇಲೆ ಎನ್‌ವಿಡಿಎ, ಕಂಟ್ರೋಲ್, ವಿ ಒತ್ತಿ ಧ್ವನಿಗಳ ಪಟ್ಟಿಯಲ್ಲಿ ಕನ್ನಡಕ್ಕೆ ಹೋಗಿ. ಎನ್‌ವಿಡಿಎ, ಕಂಟ್ರೋಲ್, ಸಿ ಒತ್ತಿ ಉಳಿಸಿ. ಇಷ್ಟಾದರೂ ಒಂದು ಕಡತ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳಿಸಿದರೆ ಅದು ಹಳೆ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿರುತ್ತದೆ. ಅದಕ್ಕೂ ಅಪ್‌ಡೇಟ್‌ಗೂ ಸಂಬಂಧವಿಲ್ಲ, ಕಡತವನ್ನೇ ಯೂನಿಕೋಡ್‌ಗೆ ಬದಲಿಸಬೇಕು.

ಮಾತು ಸರಿಯಿದ್ದು ಬ್ರೌಸರ್‌ನಲ್ಲಿ ಮಾತ್ರ ‘ಅನ್‌ನೋನ್’, ‘ಪೇನ್’ ಎನ್ನುತ್ತಿದ್ದರೆ, ಅಥವಾ ವೆಬ್ ಪುಟ ಓದುವ ಬ್ರೌಸ್ ಮೋಡ್ ತೀರಾ ನಿಧಾನವಾಗಿದ್ದರೆ, ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಕಾಮ್ ರಿಜಿಸ್ಟ್ರೇಶನ್ ಸರಿಪಡಿಸುವ ಸಾಧನ ಓಡಿಸಿ. ಬೇರೆ ಯಾವುದೋ ಪ್ರೋಗ್ರಾಂ ಹಾಕುವಾಗ, ತೆಗೆಯುವಾಗ ವಿಂಡೋಸ್‌ನಲ್ಲಿ ನೋಂದಣಿ ಕಳೆದುಕೊಂಡ ಕಾಮ್ ಫೈಲುಗಳನ್ನು (ಪ್ರೋಗ್ರಾಂಗಳು ಒಂದಕ್ಕೊಂದು ಮಾಹಿತಿ ಕೊಡಲು ಬಳಸುವ ಫೈಲುಗಳು) ಅದು ಮತ್ತೆ ನೋಂದಾಯಿಸುತ್ತದೆ. ಅಡ್ಮಿನ್ ಅನುಮತಿ ಬೇಕು.

ಸೈನ್‌ಇನ್ ಪರದೆಯಲ್ಲಿ ಮಾತ್ರ ಹಳೆ ತೊಂದರೆ ಉಳಿದರೆ, ಆ ಪರದೆಯ ಸೆಟ್ಟಿಂಗ್ ಪ್ರೋಗ್ರಾಂ ಫೋಲ್ಡರ್ ಒಳಗೆ ಬೇರೆಯೇ ನಕಲಾಗಿರುತ್ತದೆ ಎಂಬುದು ನೆನಪಿರಲಿ. ಜನರಲ್ ಸೆಟ್ಟಿಂಗ್ಸ್‌ನಲ್ಲಿ ಈಗಿನ ಸೆಟ್ಟಿಂಗನ್ನು ಸೈನ್‌ಇನ್‌ಗೆ ಬಳಸುವ ಬಟನ್ ಇದೆ. ಆಡ್‌ಆನ್‌ಗಳಿದ್ದರೆ ಅದು ಭದ್ರತೆಯ ಎಚ್ಚರಿಕೆ ಕೊಡುತ್ತದೆ. ಬೇಡದ ಆಡ್‌ಆನ್‌ಗಳನ್ನು ಮೊದಲೇ ತೆಗೆದು ಆಮೇಲೆ ಆ ಬಟನ್ ಒತ್ತುವುದು ಒಳ್ಳೆಯದು.

ಅಪ್‌ಡೇಟ್‌ಗೆ ಮುಂಚೆ ಟೂಲ್ಸ್ ಮೆನುವಿನಿಂದ ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಪ್ರತಿಯೊಂದನ್ನು, ನಿಮ್ಮ ಸೆಟ್ಟಿಂಗ್‌ಗಳ ಸಮೇತ, ಪೆನ್‌ಡ್ರೈವ್‌ಗೆ ಮಾಡಿಟ್ಟುಕೊಳ್ಳಿ. ಇಷ್ಟೆಲ್ಲ ಹುಡುಕುವ ಹೊತ್ತಿನಲ್ಲಿ ಆಫೀಸಿನ ಕೆಲಸ ಅದರಿಂದಲೇ ನಡೆಯುತ್ತದೆ.