ಇಂಫಾಲದಲ್ಲಿ ಸೂಜಿ ಹಂಚಿದ ದಿನಗಳು

ನಾನು ನರ್ಸ್. ಊರು ದಾವಣಗೆರೆ ಹತ್ತಿರ. ಎಚ್‌ಐವಿ ಕೆಲಸ ಅಂದರೆ ಲಾರಿ ಸ್ಟ್ಯಾಂಡಿನಲ್ಲಿ ಕಾಂಡೋಮ್ ಹಂಚುವುದು ಅಂತಲೇ ಕಲಿತವಳು. 2009ರಲ್ಲಿ ಮಣಿಪುರದ ಇಂಫಾಲದಲ್ಲಿ, ಡ್ರಗ್ಸ್ ಚುಚ್ಚಿಕೊಳ್ಳುವವರು ಬಂದು ಹೋಗುವ ಒಂದು ಡ್ರಾಪ್-ಇನ್ ಸೆಂಟರ್ ಸೇರಿದ ಮೊದಲ ದಿನವೇ ಸಿರಿಂಜು ತುಂಬಿದ ರಟ್ಟಿನ ಡಬ್ಬ ಕೈಗೆ ಬಂತು. "ಚುಚ್ಕೊಳ್ಳೋರಿಗೆ ನೀವೇ ಸೂಜಿ ಕೊಡೋದಾ?" ಅಂತ ಅಮ್ಮ ಫೋನಿನಲ್ಲಿ ಗದರಿದರು. ನನಗೂ ಆಗ ಹಾಗೇ ಅನಿಸಿತ್ತು.

ಮ್ಯಾನ್ಮಾರ್ ಕಡೆಯ ಮೋರೆ ಗಡಿಯಿಂದ ಬರುವ ಹೆರಾಯಿನ್‌ಗೆ ಅಲ್ಲಿ 'ನಂಬರ್ ಫೋರ್' ಅನ್ನುತ್ತಾರೆ. 1990ರ ಸುಮಾರಿಗೆ ಅದನ್ನು ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಪತ್ತೆಯಾಯಿತು. ಕೆಲವೇ ತಿಂಗಳಲ್ಲಿ, ಪರೀಕ್ಷೆಯಾದವರಲ್ಲಿ ಸುಮಾರು ಅರ್ಧ ಜನರಿಗೆ ಸೋಂಕಿತ್ತು. ಒಂದೇ ಸಿರಿಂಜು ನಾಲ್ಕು ಕೈ ಸುತ್ತಿದರೆ ರಕ್ತ ನೇರ ರಕ್ತಕ್ಕೇ ಹೋಗುತ್ತದಲ್ವಾ?

ನಾನು ಲೆಕ್ಕದಲ್ಲಿ ಬಿಗಿ. ಹಳೆಯದು ತಂದರೆ ಮಾತ್ರ ಹೊಸದು ಅಂತ ನಿಯಮ ಮಾಡಿದೆ. ರಿಜಿಸ್ಟರ್ ನೋಡಲು ಚೆಂದ ಇತ್ತು. ಆದರೆ ಬಳಸಿದ ಸೂಜಿ ಜೇಬಿನಲ್ಲಿದ್ದು ಪೊಲೀಸರ ಕೈಗೆ ಸಿಕ್ಕರೆ ಕಥೆ ಮುಗಿಯಿತು. ಅದಕ್ಕೇ ಹುಡುಗರು ಅದನ್ನು ಚರಂಡಿಗೆ ಎಸೆದು ಬರಿಗೈಲಿ ಬರುತ್ತಿದ್ದರು. ಹಾಗೆ ಬಂದ ಒಬ್ಬನನ್ನು ಎರಡು ಸಲ ವಾಪಸ್ ಕಳಿಸಿದೆ. ಮುಂದೆ ಅವನ ಪರೀಕ್ಷೆ ಪಾಸಿಟಿವ್ ಬಂತು. ಆ ಎರಡು ದಿನದಲ್ಲೇ ತಗುಲಿತು ಅಂತ ಹೇಳಲಾರೆ. ಆದರೆ ಮರುದಿನವೇ ಆ ನಿಯಮ ಕಿತ್ತುಹಾಕಿದೆ. ದಿನಕ್ಕೆ ಎಷ್ಟು ಸಲ ಚುಚ್ಚಿಕೊಳ್ಳುತ್ತಾರೆ ಅಂತ ಕೇಳಿ ಅಷ್ಟು ಕೊಡತೊಡಗಿದೆ. ಬಿದ್ದ ಸೂಜಿ ಆರಿಸಲು ಪೀರ್ ಎಜುಕೇಟರ್‌ಗಳ (ಅವರ ನಡುವಿನಿಂದಲೇ ಬಂದ ಕಾರ್ಯಕರ್ತರು) ಜೊತೆ ಇಕ್ಕಳ, ಡಬ್ಬಿ ಹಿಡಿದು ನಾನೇ ಹೋಗುತ್ತಿದ್ದೆ.

ಸೂಜಿ ಸಾಕಷ್ಟು ಕೊಟ್ಟರೂ, ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಕಾಣಿಸಿಕೊಳ್ಳುತ್ತಲೇ ಇತ್ತು. "ಇಚೆ, ನನ್ನ ಸೂಜಿ ನಾನು ಯಾರಿಗೂ ಕೊಡಲ್ಲ" ಅಂತ ಆಣೆ ಮಾಡುವರು. ಇಚೆ ಅಂದರೆ ಅಕ್ಕ. ಸುಳ್ಳಲ್ಲ, ಸೂಜಿ ಬೇರೆಬೇರೆಯೇ. ಆದರೆ ಪುಡಿ ಕರಗಿಸುವ ಚಮಚ ಒಂದೇ, ಸೋಸುವ ಹತ್ತಿ ಒಂದೇ, ಸಿರಿಂಜು ತೊಳೆಯುವ ನೀರೂ ಒಂದೇ.

ಬಾಯಲ್ಲಿ ಹೇಳಿದರೆ ತಲೆಯಾಡಿಸಿ ಹೋಗುತ್ತಿದ್ದರು. ಅದಕ್ಕೆ ಊರಿಂದ ತಂದಿದ್ದ ಕುಂಕುಮ ತೆಗೆದೆ. ದಟ್ಟಗೆ ನೀರಲ್ಲಿ ಕಲಸಿ ಸಿರಿಂಜಿಗೆ ಎಳೆದು, ಪೂರ್ತಿ ಹೊರಗೆ ತಳ್ಳಿದೆ. "ಖಾಲಿ ಆಯ್ತಾ?" "ಆಯ್ತು ಇಚೆ." ಅದೇ ಸಿರಿಂಜನ್ನು ಒಂದು ಚಿಕ್ಕ ಬಟ್ಟಲ ನೀರಿನಲ್ಲಿ ಎರಡು ಸಲ ಎಳೆದು ಬಿಟ್ಟೆ. ನೀರು ನಸುಗೆಂಪಾಯಿತು. ಈಗ ಹೊಸ ಪ್ಯಾಕೆಟ್ ಒಡೆದು, ಹೊಸ ಸಿರಿಂಜಿನಿಂದ ಆ ನೀರು ಎಳೆದೆ. ಅದರೊಳಗೂ ಕೆಂಪು. ಯಾರೂ ಮಾತಾಡಲಿಲ್ಲ. ಒಬ್ಬ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ.

ಆಮೇಲೆ ಒಬ್ಬೊಬ್ಬರಿಗೂ ಬೇರೆ ನೀರಿರಲಿ ಅಂತ ಡಿಸ್ಟಿಲ್ಡ್ ವಾಟರ್‌ನ ಪುಟ್ಟ ಆಂಪೂಲ್‌ಗಳನ್ನೂ ತರಿಸಿದೆ.

ಹೆರಾಯಿನ್ ಬದಲಿಗೆ ಕೊಡುವ ಬ್ಯೂಪ್ರಿನಾರ್ಫಿನ್ ಮಾತ್ರೆ ಕೆಲಸವೂ ನನ್ನದೇ. ನಾಲಿಗೆ ಕೆಳಗಿಟ್ಟು, ಕರಗುವ ತನಕ ಎದುರೇ ಕೂರಿಸುವುದು. ಹೆರಾಯಿನ್ ಇಳಿದು ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು ಶುರುವಾದ ಮೇಲೇ ಮೊದಲ ಮಾತ್ರೆ. ಕನಿಕರಪಟ್ಟು ಬೇಗ ಕೊಟ್ಟರೆ ಇನ್ನೂ ಜಾಸ್ತಿ ಒದ್ದಾಡುತ್ತಾರೆ. ಪ್ರತಿದಿನ ಬಂದವರು ಚುಚ್ಚಿಕೊಳ್ಳುವುದನ್ನೇ ಕಡಿಮೆ ಮಾಡಿದರು. ಹಾಗಾಗಿ ಸೂಜಿಗಿಂತ ಈ ಮಾತ್ರೆಯೇ ದೊಡ್ಡದು ಅಂತ ನನ್ನ ಲೆಕ್ಕ. ಆದರೆ ಇಂಫಾಲದಲ್ಲಿ ಬಂದ್ ಅಂದರೆ ಬಂದ್. ಅಂಗಡಿ ಇಲ್ಲ, ಆಟೋ ಇಲ್ಲ, ಮಾತ್ರೆಯೂ ಇಲ್ಲ; ಮಾತ್ರೆ ಇಲ್ಲದಿದ್ದರೆ ಮತ್ತೆ ಸೂಜಿಯೇ. ಅದಕ್ಕೆ ಹಿಂದಿನ ಸಂಜೆಯೇ ಬಾಗಿಲಲ್ಲಿ ನಿಂತು ತಲೆಗೆ ಹತ್ತರಂತೆ ಸಿರಿಂಜು ಕೊಡುತ್ತಿದ್ದೆ. ಬೀಡಿ ಹಚ್ಚಿದ ಆ ಹುಡುಗ ಕೈ ಹಿಂದಕ್ಕೆ ತೆಗೆಯುತ್ತಿರಲಿಲ್ಲ. "ನೀರೂ ಹತ್ತು, ಇಚೆ."